ಆಚೆ ದಡದಲ್ಲಿ ಕೆಲಸವಿಲ್ಲದವರು

ಮೊದಲೇ ಹೇಳಿಬಿಡುವುದು ಒಳ್ಳೆಯದು: ಈ ಕತೆಯ ಅಕ್ಷರ ಅಕ್ಷರವೂ ನಿಜ. ಬೇಕಾದರೆ ತುಂಗಭದ್ರೆಯ ನೀರನ್ನು ಬೊಗಸೆಯಲ್ಲಿ ಹಿಡಿದು ಆಣೆ ಮಾಡಬಹುದು. ಒಂದು ಹನಿ ನೀರು ಕೆಳಗೆ ಬಿದ್ದರೆ ಕತೆ ಸುಳ್ಳೆಂದು ತಿಳಿಯಿರಿ. ಬೆರಳ ಸಂದಿಯಿಂದ ಸೋರಿದ್ದು ಲೆಕ್ಕಕ್ಕಿಲ್ಲ.

"ಮಾಸ್ತರ್ರೀ, ಕಂಪ್ಯೂಟರ್ ಲಗೂ ಏಳಬೇಕಂದ್ರ ಏನ್ ಮಾಡ್ಬೇಕ್ರೀ?"

ಹೀಗೆ ಕೇಳಿದವನು ದ್ಯಾಮಣ್ಣ. ಕೇಳಿದ್ದು ತನ್ನ ಗುರು ಕೊಟ್ರಪ್ಪ ಮಾಸ್ತರರನ್ನು.

ಹೊಳೆದಂಡೆಯ ನಮ್ಮ ಊರಿನಲ್ಲಿ ಕೊಟ್ರಪ್ಪ ಮಾಸ್ತರರದು ಟೈಪಿಂಗ್ ಶಾಲೆ. ತಾಲ್ಲೂಕಿನ ಯಾವ ಕಚೇರಿಗೆ ಹೋಗಿ ನೋಡಿದರೂ, ಅಲ್ಲಿ ಓಡುತ್ತಿರುವ ಬೆರಳು ಅವರು ತಿದ್ದಿದ ಬೆರಳು. ಟೈಪ್‌ರೈಟರಿನ ಕಾಲ ಮುಗಿದು ಕಂಪ್ಯೂಟರಿನ ಕಾಲ ಬಂದಾಗ ಬೇರೆ ಊರಿನ ಮಾಸ್ತರರು ಶಾಲೆಗೆ ಬೀಗ ಹಾಕಿದರು. ನಮ್ಮವರು ಟೈಪ್‌ರೈಟರುಗಳನ್ನು ಒರೆಸಿ ಅಟ್ಟಕ್ಕೆ ಏರಿಸಿದರು. ಆಮೇಲೆ ಕಂಪ್ಯೂಟರನ್ನು ಎದುರಿಗೆ ಕೂರಿಸಿಕೊಂಡು, "ಬಾ, ನಿನ್ನನ್ನೂ ತಿದ್ದುತೀನಿ" ಎಂದರು. ಅದೂ ತಿದ್ದಿಸಿಕೊಂಡಿತು. ಅಂಥ ಮಾಸ್ತರರು.

ದ್ಯಾಮಣ್ಣ ಅವರ ಮೆಚ್ಚಿನ ಶಿಷ್ಯ. ಇದನ್ನು ದ್ಯಾಮಣ್ಣನೇ ಹೇಳಿದ್ದರಿಂದ ನಂಬಬೇಕು. ಪರೀಕ್ಷೆ ಪಾಸಾದ ವರ್ಷ ಅವನು ಶಾಲೆಗೆ ಒಂದು ಗೋಡೆ ಗಡಿಯಾರ ಕಾಣಿಕೆ ಕೊಟ್ಟಿದ್ದ. ಗಡಿಯಾರದ ಅಂಕಿಗಳಿಗಿಂತ ಅದರ ಮೇಲೆ ಬರೆಸಿದ ಅವನ ಹೆಸರು ದೊಡ್ಡದಾಗಿತ್ತು. ಅಂದಿನಿಂದ ಪ್ರತಿದಿನ ಬೆಳಿಗ್ಗೆ ತನ್ನ ಅಂಗಡಿಗೆ ಹೋಗುವ ಮುಂಚೆ ಅವನು ಶಾಲೆಗೆ ಬರುತ್ತಿದ್ದ. ಗಡಿಯಾರದ ಕೆಳಗಿನ ಕುರ್ಚಿಯಲ್ಲಿ ಕೂರುತ್ತಿದ್ದ. ಮಾಸ್ತರರು ಚಹಾ ತರಿಸುತ್ತಿದ್ದರು. ಅವನು ಕುಡಿದು, ತಲೆಯೆತ್ತಿ ನೋಡಿ, "ಟೈಮ್ ಸರಿ ಐತ್ರಿ" ಎನ್ನುತ್ತಿದ್ದ. ಆಮೇಲೆ ಪಾಠ. ಅಲ್ಲಿಯವರೆಗೆ ಕಲಿಯುವವರು ಹೊರಗೆ ಕಟ್ಟೆಯ ಮೇಲೆ. ಊರಿನಲ್ಲಿ ಇಂಥ ಮರ್ಯಾದೆ ಇನ್ನೊಬ್ಬರಿಗೆ ಇದ್ದರೆ ತೋರಿಸಿ.

ದ್ಯಾಮಣ್ಣನ ಅಂಗಡಿ ಸಂತೆ ಮೈದಾನದ ಎದುರಿಗೆ. ಪಹಣಿ ತೆಗೆಯುವುದು, ಅರ್ಜಿ ತುಂಬುವುದು, ಫೋಟೊ ಮಾಡಿಕೊಡುವುದು ಅಲ್ಲಿನ ಕೆಲಸ. ಇದ್ದದ್ದು ಒಂದೇ ಕಂಪ್ಯೂಟರ್. ಮೇಲೆ ಬೋರ್ಡು ಮಾತ್ರ ಅಂಗಡಿಗಿಂತ ಅಗಲ: 'ಗಾಳಿವೇಗ ಕಂಪ್ಯೂಟರ್ಸ್'. ಅಕ್ಷರಗಳನ್ನು ಅವನೇ ಕೈಯಾರೆ ಬರೆದಿದ್ದ. ಗಾಳಿಗೆ ಹಾರುವ ಹಾಗೆ ಬಾಲ ಬಿಟ್ಟ ಅಕ್ಷರಗಳು. ಹೊಳೆಯ ಆಚೆಯಿಂದಲೂ ಓದಬಹುದಿತ್ತು.

ಒಳಗಿನ ಕಂಪ್ಯೂಟರಿಗೆ ಓದು ಬಂದಿರಲಿಲ್ಲವೋ ಏನೋ, ಆ ಬೋರ್ಡಿನ ಮಾತು ಅದಕ್ಕೆ ತಲುಪಿರಲಿಲ್ಲ. ದ್ಯಾಮಣ್ಣ ಸ್ವಿಚ್ ಹಾಕಿ, ಅಂಗಡಿ ಗುಡಿಸಿ, ನೀರು ಚಿಮುಕಿಸಿ, ಊದಿನಕಡ್ಡಿ ಹಚ್ಚಿ ಬಂದು ನೋಡಿದರೆ ಪರದೆಯ ಮೇಲೆ ಗುಂಡನೆಯ ಚಕ್ರ ತಿರುಗುತ್ತಿರುತ್ತಿತ್ತು. ಆ ಚಕ್ರ ತಿರುಗಿದ ದೂರವನ್ನು ನೆಟ್ಟಗೆ ಹಾಸಿದ್ದರೆ ಹೊಸಪೇಟೆ ಮುಟ್ಟಿ ವಾಪಸ್ ಬರಬಹುದಿತ್ತು. ಪಕ್ಕದ ಮನೆಯ ಕೋಳಿಯೊಂದು, ಕಂಪ್ಯೂಟರಿನ ಹಿಂದೆ ಬೆಚ್ಚಗಿದೆಯೆಂದು ಅಲ್ಲೇ ಮೊಟ್ಟೆ ಇಟ್ಟಿತು. ಒಂದು ದಿನ ಸ್ವಿಚ್ ಹಾಕುವಾಗ ಕಾವಿಗೆ ಕೂತ ಕೋಳಿ, ಪರದೆ ಬೆಳಗುವ ಹೊತ್ತಿಗೆ ಮರಿಗಳನ್ನು ಕರೆದುಕೊಂಡು ಸಂತೆ ನೋಡಲು ಹೋಗಿತ್ತು.

ಎದುರಂಗಡಿ ಅಂಜಿನಮ್ಮನದು. ಅವಳೂ ಕೊಟ್ರಪ್ಪ ಮಾಸ್ತರರ ಶಿಷ್ಯೆಯೇ. ದ್ಯಾಮಣ್ಣನ ಬಾಗಿಲಲ್ಲಿ ಕಾದು ಬೇಸತ್ತ ಗಿರಾಕಿಗಳು ರಸ್ತೆ ದಾಟಿ ಅವಳಲ್ಲಿಗೆ ಹೋಗುತ್ತಿದ್ದರು. ಹೋಗಲಿ, ಅದನ್ನಾದರೂ ನುಂಗಬಹುದಿತ್ತು. ಅವಳ ಬಾಯಿ ನುಂಗುವಂಥದ್ದಲ್ಲ. ಹೋದ ಸಂತೆಯ ದಿನ ಅಷ್ಟು ಜನರ ಎದುರಿಗೆ ಅವಳು ತನ್ನ ಮೆಟ್ಟಿಲ ಮೇಲೆ ನಿಂತು ಕೇಳಿದಳು.

"ದ್ಯಾಮಣ್ಣಾ, ನಿನ್ನ ಕಂಪ್ಯೂಟರ್ ಇನ್ನಾ ಎದ್ದಿಲ್ಲೇನೋ? ಹೊಸ ಮದುಮಗನ್ನ ಎಬ್ಬಿಸಿದಂಗ ಎಬ್ಬಿಸಬ್ಯಾಡ. ಒಂದ್ ತಂಬಿಗಿ ನೀರು ಸುರುವು."

ಮಂದಿ ನಕ್ಕರು. ದ್ಯಾಮಣ್ಣನಿಗೆ ಮೈ ಉರಿಯಿತು.

"ಬರೋ ಸಂತಿ ದಿನ ಇಬ್ಬರೂ ಒಮ್ಮೆಲೇ ಸ್ವಿಚ್ ಹಾಕೋಣು, ಬಾ. ಇದ ಮಂದಿ ನೋಡ್ಲಿ. ಹಿಂದ ಬಿದ್ದವರು ತಮ್ಮ ಬೋರ್ಡ್ ಇಳಸಬೇಕು" ಎಂದ.

"ಆತು. ನಿನ್ನ ಬೋರ್ಡ್ ಇಳಸಾಕ ನಿಚ್ಚಣಿಕಿ ನಾನ ಕೊಡ್ತೀನಿ."

ಅವಳು ಬರೀ ಬಾಯಿಮಾತಿಗೆ ಹೇಳುವವಳಲ್ಲ. ಅಂದೇ ಎಲ್ಲಿಂದಲೋ ಒಂದು ಬಿದಿರಿನ ನಿಚ್ಚಣಿಕೆ ತಂದು ತನ್ನ ಗೋಡೆಗೆ ಒರಗಿಸಿಟ್ಟಳು. ದ್ಯಾಮಣ್ಣ ತನ್ನ ಕುರ್ಚಿಯಲ್ಲಿ ಕೂತರೆ ಸಾಕು, ಅದು ಎದುರಿಗೇ ಕಾಣುತ್ತಿತ್ತು. ಸಂತೆ ನಾಳೆ ಎನ್ನುವ ದಿನ ಅವನು ಮಾಸ್ತರರನ್ನು ಕೇಳಿದ ಪ್ರಶ್ನೆಗೆ ಹಿನ್ನೆಲೆ ಇದು.

"ಏನೇನ್ ಮಾಡಿ ನೋಡಿದಿ?" ಎಂದರು ಮಾಸ್ತರರು.

"ಎಲ್ಲಾ ಮಾಡಿದೆನ್ರೀ. ಧೂಳ ಊದಿಸಿದೆ. ಹೊಸಾ ಫ್ಯಾನ್ ಹಾಕಿಸಿದೆ. ಹುಬ್ಬಳ್ಳಿಗೆ ಹೋಗಿ ರ್‍ಯಾಮ್ ಹಾಕಿಸಿದೆ, ಮದಲಿಂದಕಿಂತ ಎರಡರಷ್ಟು. ಒಂದ್ ನಿಂಬಿಹಣ್ಣೂ ಇಳೇ ತಗದೆ. ನನ್ನ ಕಂಪ್ಯೂಟರಿನಾಗ ಇಲ್ಲದ್ದು ಇಲ್ಲ್ರೀ ಮಾಸ್ತರ. ಹಾಡಿಂದೈತಿ, ಚಿತ್ರದ್ದೈತಿ, ಕುಂಡಲಿ ಹಾಕೋದೈತಿ, ಆಂಟಿವೈರಸ್ ಅಂತೂ ಎರಡದಾವು. ಅದು ಎದ್ದ ಕೂಡ್ಲೆ ಮೂಲ್ಯಾಗಿನ ಗಡಿಯಾರದ ಬಾಜೂಕ ಒಂದೊಂದ ಚಿತ್ರ ಬಂದು ಸಾಲಾಗಿ ಕುಂದರ್ತಾವು, ಮದುವಿ ಪಂಗತ್ಯಾಗ ಕುಂತಂಗ. ಅಂಜಿನಮ್ಮನ ಕಂಪ್ಯೂಟರಿನಾಗ ಏನೈತ್ರೀ? ಬರೇ ಬಯಲು."

ಹೇಳುವಾಗ ಅವನ ಎದೆ ಉಬ್ಬಿತ್ತು.

"ಅವೆಲ್ಲಾ ಎದ್ದ ಕೂಡ್ಲೆ ಯಾಕ ಬರ್ತಾವ?"

"ಹಾಕಿಸಿಕೊಳ್ಳೂ ಮುಂದ ಬರ್ಲೇನು ಅಂತ ಕೇಳಿದ್ವು. ಹೂಂ ಅಂದೆ."

ಬಾಗಿಲಲ್ಲಿ ಒಂದು ಜಡೆ ಇಣುಕಿತು. "ಸರ್, ಒಳಗ ಬರೂಣೇನ್ರಿ?"

"ತಡೀವಾ. ಇನ್ನಾ ಚಹಾ ಆಗಿಲ್ಲ" ಎಂದು ಮಾಸ್ತರರು ದ್ಯಾಮಣ್ಣನ ಕಡೆ ತಿರುಗಿದರು. "ಕೇಳು" ಎಂದರು. ಕತೆ ಹೇಳುವಾಗ ಮಾತ್ರ ಅವರ ಬಾಯಲ್ಲಿ ಪುಸ್ತಕದ ಕನ್ನಡ ಬರುತ್ತಿತ್ತು. ಅವರು ಹೇಳಿದ್ದು ಇದು.

ಒಂದು ಹೊಳೆ. ಆ ಹೊಳೆಗೆ ಒಬ್ಬ ಅಂಬಿಗ. ಅವನಿಗೆ ಯಾರಲ್ಲೂ ಇಲ್ಲದಂಥ ಹರಿಗೋಲು ಕಟ್ಟುವ ಆಸೆ.

ಬಿದಿರು ಬೇಕಿತ್ತು. ಒಬ್ಬ ಜಮೀನ್ದಾರ ಕೊಟ್ಟ. "ದುಡ್ಡು ಬೇಡ. ದಿನಾ ಬೆಳಿಗ್ಗೆ ಹರಿಗೋಲು ಹೊರಡುವ ಮುಂಚೆ ಬಂದು ಕೂರುತ್ತೇನೆ. ಒಂದು ವೀಳ್ಯ ಕೊಟ್ಟು ಇಳಿಸು, ಅಷ್ಟೇ" ಎಂದ. ಅಂಬಿಗನಿಗೆ ಹೆಮ್ಮೆಯಾಯಿತು. ಹೂಂ ಎಂದ.

ಚರ್ಮ ಬೇಕಿತ್ತು. ಒಬ್ಬ ವರ್ತಕ ಕೊಟ್ಟ. ಅವನಿಗೂ ಅದೇ ಮರ್ಯಾದೆ ಬೇಕಾಯಿತು. ಅಂಬಿಗ ಹೂಂ ಎಂದ. ವರ್ತಕನ ಜೊತೆ ಅವನ ಭಾವಮೈದುನ ಬಂದ. ಭಾವಮೈದುನನ ಹಿಂದೆ ಇನ್ನೊಬ್ಬ ಬಂದ. ಅವನು ಯಾರೆಂದು ವರ್ತಕನಿಗೂ ಗೊತ್ತಿರಲಿಲ್ಲ, ಭಾವಮೈದುನನಿಗೂ ಗೊತ್ತಿರಲಿಲ್ಲ. ಆದರೆ ದಿನಾ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಅಗಲವಾಗಿ ಕೂರುತ್ತಿದ್ದವನು ಅವನೇ.

ಹಗ್ಗ ಕೊಟ್ಟವನು ಬಂದ. ಮುಹೂರ್ತ ಇಟ್ಟ ಜೋಯಿಸ ಬಂದ. ಹರಿಗೋಲು ನೀರಿಗೆ ಇಳಿದ ದಿನವೇ ಅವನ ಕೆಲಸ ಮುಗಿದಿತ್ತು. ಆದರೂ ದಿನಾ ಬಂದು, ಇದಕ್ಕಿಂತ ಒಳ್ಳೆಯ ಮುಹೂರ್ತ ಬಂದಿದೆಯೇ ಎಂದು ಪಂಚಾಂಗ ಬಿಚ್ಚಿ ನೋಡುತ್ತಿದ್ದ.

ಕಳ್ಳರ ಭಯವೆಂದು ಅಂಬಿಗ ಒಬ್ಬ ಕಾವಲುಗಾರನನ್ನು ಇಟ್ಟ. ಒಬ್ಬನಿಗಿಂತ ಇಬ್ಬರು ಮೇಲೆಂದು ಇನ್ನೊಬ್ಬನನ್ನೂ ಇಟ್ಟ. ಮೊದಲನೆಯವನು ಬಂದವನೇ ಎರಡನೆಯವನ ಚೀಲ ಹುಡುಕುತ್ತಿದ್ದ. ಅದು ಮುಗಿದ ಮೇಲೆ ಎರಡನೆಯವನು ಮೊದಲನೆಯವನ ರುಮಾಲು ಬಿಚ್ಚಿಸುತ್ತಿದ್ದ.

ಹರಿಗೋಲಿಗೆ ಮೂಲೆ ಇರುವುದಿಲ್ಲ. ಇದ್ದಿದ್ದರೆ ಆ ಮೂಲೆಯಲ್ಲಿ ಒಬ್ಬ ಮುದುಕ ಕೂತಿದ್ದ. ಒಳಗೆ ಜಿನುಗುವ ನೀರನ್ನು ಡಬರಿಯಲ್ಲಿ ಎತ್ತಿ ಹೊರಗೆ ಹಾಕುವುದು ಅವನ ಕೆಲಸ. ಅವನಿಗೆ ವೀಳ್ಯವಿಲ್ಲ.

ಪ್ರತಿ ಬೆಳಿಗ್ಗೆ ಅಂಬಿಗ ತಟ್ಟೆ ಹಿಡಿದು ಹಿರಿಯರಿಂದ ಕಿರಿಯರವರೆಗೆ ವೀಳ್ಯ ಕೊಡುತ್ತಿದ್ದ. ಅವರು ಮೆಲ್ಲುತ್ತಿದ್ದರು, ಉಗಿಯುತ್ತಿದ್ದರು, ಮಳೆ ಬೆಳೆ ವಿಚಾರಿಸುತ್ತಿದ್ದರು. ಒಬ್ಬನಿಗೆ ಸುಣ್ಣ ಹೆಚ್ಚಾದರೆ ಮತ್ತೆ ಮೊದಲಿನಿಂದ. ಅವರೆಲ್ಲ ಇಳಿದ ಮೇಲೆ ಪ್ರಯಾಣಿಕರು ಹತ್ತಬೇಕು. ನೀರಿಗೆ ಇಳಿದರೆ ಆ ಹರಿಗೋಲು ಮೀನಿಗೆ ನಾಚಿಕೆ ತರಿಸುತ್ತಿತ್ತು. ಆದರೆ ಹೊರಡುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ. ಕಾದು ಸಾಕಾದವರು ಮೇಲುಗಡೆಗೆ ನಡೆದು, ನೀರು ಕಡಿಮೆ ಇದ್ದಲ್ಲಿ ಪಂಚೆ ಎತ್ತಿಕೊಂಡು ದಾಟುತ್ತಿದ್ದರು.

ಅಂಬಿಗ ಉದ್ದನೆಯ ಹುಟ್ಟು ಮಾಡಿಸಿದ. ತುಪ್ಪ ತಿಂದು ತೋಳು ಬೆಳೆಸಿದ. ಕೊನೆಗೆ ಹರಿಗೋಲು ಚಿಕ್ಕದಾಯಿತೆಂದು ಎರಡರಷ್ಟು ದೊಡ್ಡದು ಕಟ್ಟಿಸಿದ. ಅದಕ್ಕೆ ಬಿದಿರು ಕೊಟ್ಟವನು ಇನ್ನೊಬ್ಬ. ಅವನೂ ಬಂದು ಕೂತ.

ಇಲ್ಲಿ ದ್ಯಾಮಣ್ಣ ಹುಬ್ಬಳ್ಳಿಯ ರ್‍ಯಾಮನ್ನು ನೆನೆದು ಕುರ್ಚಿಯಲ್ಲಿ ಸ್ವಲ್ಪ ಮಿಸುಕಿದ. ಮಾಸ್ತರರು ನೋಡದವರಂತೆ ಮುಂದುವರಿಸಿದರು.

ಅಂಬಿಗನಿಗೆ ಇದರಿಂದ ಬೇಸರವಿರಲಿಲ್ಲ, ಹೆಮ್ಮೆಯಿತ್ತು. "ಬೇರೆಯವರ ಹರಿಗೋಲಿನಲ್ಲಿ ಜನ ಕೂರುತ್ತಾರೆ. ನನ್ನದರಲ್ಲಿ ಗಣ್ಯರು ಕೂರುತ್ತಾರೆ" ಎನ್ನುತ್ತಿದ್ದ.

ಅವನ ಮಗಳನ್ನು ಆಚೆ ದಡದ ಊರಿಗೆ ಕೊಟ್ಟಿತ್ತು. ಅವಳು ತುಂಬು ಬಸುರಿ. ಸೂಲಗಿತ್ತಿ ಇದ್ದದ್ದು ಈಚೆ ದಡದಲ್ಲಿ. ನೋವು ಕಾಣಿಸಿಕೊಂಡರೆ ದಡದಲ್ಲಿ ನಿಂತು ಕೆಂಪು ವಸ್ತ್ರ ಬೀಸುತ್ತೇನೆಂದು ಅಳಿಯ ಹೇಳಿ ಹೋಗಿದ್ದ. ಒಂದು ಬೆಳಿಗ್ಗೆ ಆ ವಸ್ತ್ರ ಕಾಣಿಸಿತು. ಹೊಳೆ ತುಂಬಿತ್ತು. ಕಾಲಲ್ಲಿ ದಾಟುವ ಹಾಗಿರಲಿಲ್ಲ.

ಸೂಲಗಿತ್ತಿ ಗಂಟು ಹಿಡಿದುಕೊಂಡು ಬಂದಳು. ಹರಿಗೋಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಬಿಗ ತಟ್ಟೆ ಹಿಡಿದು ನಿಂತಿದ್ದ.

"ಹೊರಡೋ" ಎಂದಳು.

"ಇನ್ನೂ ಅರ್ಧ ಜನರಿಗೆ ವೀಳ್ಯ ಆಗಿಲ್ಲವ್ವಾ."

"ನಿನ್ನ ಮೊಮ್ಮಗು ವೀಳ್ಯಕ್ಕೆ ಕಾಯುತ್ತದೇನು?"

ಅಂಬಿಗ ಆಚೆ ದಡ ನೋಡಿದ. ಅಳಿಯ ಈಗ ವಸ್ತ್ರವನ್ನು ಜೋರಾಗಿ ಬೀಸುತ್ತಿದ್ದ. ಅವನು ಗಣ್ಯರನ್ನು ನೋಡಿದ. ಇವರನ್ನು ಎಬ್ಬಿಸಿದರೆ ಇಷ್ಟು ವರ್ಷ ಕೊಚ್ಚಿಕೊಂಡದ್ದೆಲ್ಲ ಹೊಳೆಯ ಪಾಲು. ಎಬ್ಬಿಸದಿದ್ದರೆ ಮಗಳು. ಅವನು ವೀಳ್ಯದ ತಟ್ಟೆಯನ್ನು ಕೆಳಗಿಟ್ಟ.

"ದೊಡ್ಡವರೇ, ನಿಮ್ಮಲ್ಲಿ ಈಗ ಆಚೆ ದಡದಲ್ಲಿ ಕೆಲಸ ಇರುವವರು ಯಾರು?" ಎಂದ.

ಅಷ್ಟು ವರ್ಷಗಳಲ್ಲಿ ಅವನು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಒಬ್ಬರ ಮುಖ ಒಬ್ಬರು ನೋಡಿದರು.

"ಕೆಲಸವೇ? ನಾವು ಮರ್ಯಾದೆಗೆ ಕೂತವರಪ್ಪಾ" ಎಂದ ವರ್ತಕ.

"ಹಾಗಾದರೆ ದಯಮಾಡಿ ಇಳಿಯಿರಿ."

ಜಮೀನ್ದಾರನ ಮೀಸೆ ಅದುರಿತು. "ಮತ್ತೆ ನನ್ನ ಬಿದಿರು?"

"ನಿಮ್ಮ ಬಿದಿರು ಹರಿಗೋಲಿನಲ್ಲೇ ಇರುತ್ತದೆ ಧಣಿ, ಅದನ್ನು ಯಾರು ಕಿತ್ತರು? ನಿಮಗೆ ಕೆಲಸ ಬಿದ್ದ ದಿನ ದಡದಲ್ಲಿ ನಿಂತು ಒಂದು ಕೂಗು ಹಾಕಿ. ಕೂಗು ಮುಗಿಯುವುದರೊಳಗೆ ಬಂದಿರುತ್ತೇನೆ."

ಮಾತು ಸರಿಯಾಗಿಯೇ ಇತ್ತು. ಆದರೆ ಯಾರು ಮೊದಲು ಇಳಿಯಬೇಕು? ಮೊದಲು ಹತ್ತಿದವನು ನಾನು, ಕಡೆಗೆ ಇಳಿಯುವ ಹಕ್ಕು ನನ್ನದು ಎಂದ ಜಮೀನ್ದಾರ. ಹಾಗೆಂದು ಯಾವ ಶಾಸ್ತ್ರದಲ್ಲಿದೆ ಎಂದ ವರ್ತಕ. ಜೋಯಿಸ ಪಂಚಾಂಗ ಬಿಚ್ಚಿದ. ಕಾವಲುಗಾರರು ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಕೂತೇ ಇದ್ದರು.

ಆಗ ಸೂಲಗಿತ್ತಿ ತನ್ನ ಗಂಟನ್ನು ಕಂಕುಳಿಗೆ ಏರಿಸಿ ಹೇಳಿದಳು. "ಯಾರು ಮೊದಲು ಇಳಿಯುತ್ತಾರೋ, ಹುಟ್ಟುವ ಕೂಸಿಗೆ ಹೆಸರಿಡುವ ಮರ್ಯಾದೆ ಅವರದು."

ಎಲ್ಲರೂ ಒಟ್ಟಿಗೇ ಹಾರಿದರು. ಹೊಳೆ ಒಂದು ಗೇಣು ಏರಿತು. ದಡದಲ್ಲಿ ಮಲಗಿದ್ದ ಎಮ್ಮೆಗಳು ಎದ್ದು ಊರು ಸೇರಿದವು. ಒಟ್ಟಿಗೇ ಹಾರಿದ್ದರಿಂದ ಮೊದಲು ಯಾರೆಂದು ತೀರ್ಮಾನವಾಗಲಿಲ್ಲ. ಮುಂದೆ ಕೂಸಿಗೆ ಹೆಸರನ್ನು ಅದರ ಅಜ್ಜಿಯೇ ಇಟ್ಟಳು.

ಎಲ್ಲರೂ ಇಳಿದದ್ದು ನೋಡಿ ಡಬರಿಯ ಮುದುಕನೂ ಎದ್ದ. ಸೂಲಗಿತ್ತಿ ಅವನ ಭುಜ ಒತ್ತಿ ಕೂರಿಸಿದಳು. "ನೀನೆಲ್ಲಿಗೆ? ನಡುಹೊಳೆಯಲ್ಲಿ ನೀರು ಎತ್ತಿ ಹಾಕುವವರು ಯಾರು?" ಕಾವಲುಗಾರರಲ್ಲಿ ಕಡಿಮೆ ಮಾತಾಡುವವನನ್ನು ಮತ್ತೆ ಹತ್ತಿಸಿಕೊಂಡರು.

ಹರಿಗೋಲು ಹೊರಟಿತು. ಅದು ಎಷ್ಟು ವೇಗವಾಗಿ ಹೋಯಿತೆಂದರೆ, ಅಂಬಿಗನ ನೆರಳು ಈಚೆ ದಡದಲ್ಲೇ ಉಳಿದುಹೋಗಿ, ಮಧ್ಯಾಹ್ನದ ಸರದಿಯಲ್ಲಿ ಬಂದು ಅವನನ್ನು ಸೇರಿಕೊಂಡಿತು. ಸೂಲಗಿತ್ತಿ ಮನೆಯ ಹೊಸ್ತಿಲು ದಾಟುವುದಕ್ಕೂ ಕೂಸು ಅಳುವುದಕ್ಕೂ ಸರಿಹೋಯಿತು. ತಾಯಿ ಮಗು ಕ್ಷೇಮ.

ಗಣ್ಯರು ಕೆಲವು ದಿನ ಮುಖ ತಿರುಗಿಸಿಕೊಂಡು ಓಡಾಡಿದರು. ಆಮೇಲೆ ಒಂದು ದಿನ ಜಮೀನ್ದಾರನಿಗೆ ಆಚೆ ದಡದಲ್ಲಿ ಎತ್ತು ನೋಡುವ ಕೆಲಸ ಬಿತ್ತು. ದಡದಲ್ಲಿ ನಿಂತು, ಅರ್ಧ ನಂಬಿಕೆಯಿಂದ ಕೂಗಿದ. ಹರಿಗೋಲು ಬಂದು ಪಾದದ ಬಳಿ ನಿಂತಿತು. ಅಷ್ಟು ದೊಡ್ಡ ಹರಿಗೋಲಿನಲ್ಲಿ ರುಮಾಲು ಸುತ್ತಿಕೊಂಡು ಒಬ್ಬನೇ ಕೂತು ಹೋಗುವುದನ್ನು ಎರಡೂ ದಡದ ಜನ ನೋಡಿದರು. ಅಂದಿನಿಂದ ಅವನು ಸತ್ತರೂ ಬೆಳಗಿನ ವೀಳ್ಯದ ಸುದ್ದಿ ಎತ್ತಲಿಲ್ಲ. "ಕೂಗಿದರೆ ಬರುತ್ತದೆ ನನ್ನ ಹರಿಗೋಲು" ಎಂದು ಹೇಳಿಕೊಂಡು ತಿರುಗಿದ. ಉಳಿದವರೂ ಹಾಗೆಯೇ, ಕೆಲಸ ಬಿದ್ದಾಗ ಬಂದರು, ಕೆಲಸ ಮುಗಿದಾಗ ಇಳಿದರು. ಯಾರೆಂದು ಗೊತ್ತಿರದ ಆ ಒಬ್ಬನಿಗೆ ಮಾತ್ರ ಯಾವ ದಡದಲ್ಲೂ ಕೆಲಸ ಬೀಳಲಿಲ್ಲ. ಅವನು ಬೇರೆ ಊರಿನ ಹರಿಗೋಲು ಹುಡುಕಿಕೊಂಡು ಹೋದ.

ಮಾಸ್ತರರು ಕತೆ ನಿಲ್ಲಿಸಿದರು.

ದ್ಯಾಮಣ್ಣನ ಮುಖ ಬೆಳಗಿತು. ಸಂತೆ ಗೆದ್ದವನ ಹಾಗೆ ಅವನು ಕಾಲು ಚಾಚಿ ಕೂತ. ತಟ್ಟೆಯಲ್ಲಿ ಉಳಿದಿದ್ದ ಚಹಾವನ್ನು ಆರಿಸುತ್ತ ಹೇಳಿದ.

"ತಿಳೀತ್ರೀ ಮಾಸ್ತರ. ಯಾವುದನ್ನೂ ಬುಡಸಮೇತ ಕಿತ್ತು ಒಗೀಬೇಕಿಲ್ಲ. ಕಂಪ್ಯೂಟರ್ ಏಳೂ ಮುಂದ ಬಂದು ಕುಂದರ್ತಾವಲ್ಲ, ಅಷ್ಟನ್ನ ಇಳಿಸಿದ್ರಾತು. ಕುಂಡಲಿ ಹಾಕೋದು ಕುಂಡಲಿ ಕೇಳಿದಾಗ ಬರ್ಲಿ. ಹಾಡು, ಹಾಡು ಬೇಕಾದಾಗ ಬರ್ಲಿ. ಆಂಟಿವೈರಸ್ ಒಂದಿರ್ಲಿ."

"ಮತ್ತ?"

"ಡಬರಿ ಮುದುಕನ್ನ ಮುಟ್ಟಾಂಗಿಲ್ಲ. ಹೆಸರು ತಿಳೀಲಾರದ್ದು ಕಂಪ್ಯೂಟರಿನ ಸ್ವಂತದ್ದಿದ್ರ ಅದನ್ನ ಹಂಗ ಬಿಡ್ತೀನ್ರಿ."

ಮಾಸ್ತರರು ತಲೆಯಾಡಿಸಿದರು. ಇಂಥ ಶಿಷ್ಯನನ್ನು ತಿದ್ದಿದ್ದಕ್ಕೆ ಅವರಿಗೂ ಒಳಗೊಳಗೇ ಹೆಮ್ಮೆ. ದ್ಯಾಮಣ್ಣನಿಗೆ ಅಷ್ಟು ಸಾಕಾಗಿತ್ತು.

"ಆದ್ರ ಆ ಅಂಬಿಗ ಶಾಣ್ಯಾ ಅಲ್ಲ ಬಿಡ್ರೀ" ಎಂದ ನಗುತ್ತ. "ಕೆಲಸ ಇಲ್ಲದವರನ್ನ ಮರ್ಯಾದಿ ಅಂತ ಅಷ್ಟು ವರ್ಷ ಕುಂದ್ರಿಸಿಕೊಂಡಾನಲ್ಲ. ಕುಂತವರಿಗರೆ ತಿಳೀಬಾರ್ದೇನು?"

ಹೊರಗೆ ಕಟ್ಟೆಯ ಮೇಲೆ ಯಾರೋ ಪುಸ್ತಕದ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. ಬಾಗಿಲಲ್ಲಿ ಅದೇ ಜಡೆ ಮತ್ತೆ ಇಣುಕಿ ಹಿಂದೆ ಸರಿಯಿತು. ಮಾಸ್ತರರು ಬಾಗಿಲು ನೋಡಿದರು, ಗೋಡೆ ನೋಡಿದರು, ಆಮೇಲೆ ಶಿಷ್ಯನನ್ನು ನೋಡಿದರು.

"ದ್ಯಾಮಣ್ಣಾ, ಗಡಿಯಾರ ಗ್ವಾಡಿ ಮ್ಯಾಲೇ ಇರ್ತೈತಿ, ನಿನಗ ಈಗ ಇಲ್ಲಿ ಏನರ ಕೆಲಸ ಐತೇನಪಾ?"

ತಲೆಯ ಮೇಲೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ದ್ಯಾಮಣ್ಣ ಈ ಸಲ ಅದನ್ನು ತಲೆಯೆತ್ತಿ ನೋಡಲಿಲ್ಲ. ಚಹಾದ ತಟ್ಟೆಯನ್ನು ಸದ್ದಾಗದಂತೆ ಕೆಳಗಿಟ್ಟು ಎದ್ದ. ಅವನು ಮೆಟ್ಟಿಲು ಇಳಿಯುವ ಮೊದಲೇ ಒಳಗೆ ಕೀಲಿಮಣೆಗಳ ಸದ್ದು ಶುರುವಾಗಿತ್ತು.

ಇಷ್ಟೂ ನಿಜ. ಒಂದು ಸಣ್ಣ ವಿವರ ಮಾತ್ರ ಕಟ್ಟಿದ್ದು: ಆ ಕೋಳಿ ಮರಿ ಮಾಡಿರಲಿಲ್ಲ. ಮರುದಿನ ಸಂತೆಯ ಜನರ ಎದುರಿಗೆ ಸ್ವಿಚ್ ಹಾಕಿದಾಗ ಅದು ಇನ್ನೂ ಕಾವಿಗೆ ಕೂತೇ ಇತ್ತು. ಎರಡೂ ಅಂಗಡಿಯ ಪರದೆಗಳು ಒಟ್ಟಿಗೇ ಬೆಳಗಿದ್ದಕ್ಕೆ ಬೆಚ್ಚಿಬಿದ್ದು, ರಸ್ತೆ ದಾಟಿ ಹಾರಿ, ಅಂಜಿನಮ್ಮನ ನಿಚ್ಚಣಿಕೆಯ ತುದಿಯಲ್ಲಿ ಹೋಗಿ ಕೂತಿತು. ಆ ನಿಚ್ಚಣಿಕೆಗೆ ಅಂದು ಬೇರೆ ಕೆಲಸವೂ ಇರಲಿಲ್ಲ.